ಹೆರಿಗೆಮನೆಯಿಂದ ವಿಶ್ವವಿದ್ಯಾಲಯಕ್ಕೆ: ಸೀತಾಬರ್ಡಿಯ ನಿದರ್ಶನ ಮತ್ತು ಸಮಾಜಕಾರ್ಯದ ಪದವಿ ಶಿಕ್ಷಣ

ಸಮಾಜಕಾರ್ಯವನ್ನು ವಿಶ್ವವಿದ್ಯಾಲಯದಲ್ಲಿ ಓದಿ ಕಲಿಯಬೇಕೆ, ಪರರ ಕಷ್ಟಕ್ಕೆ ಮರುಗುವ ಮನಸ್ಸೊಂದಿದ್ದರೆ ಸಾಲದೆ ಎಂಬ ಪ್ರಶ್ನೆ ಈ ವಿಷಯದ ತರಗತಿಗಳು ಭಾರತದಲ್ಲಿ ಆರಂಭವಾದಂದಿನಿಂದಲೂ ಕೇಳಿಬರುತ್ತಿದೆ. ಕೆರೆ ಕಟ್ಟಿಸಿದವರನ್ನೂ ಅರವಟ್ಟಿಗೆ ಇಡಿಸಿದವರನ್ನೂ ಕಲ್ಲಿನ ಮೇಲೆ ಬರೆಸಿ ನೆನೆದ ಕನ್ನಡನಾಡಿನಂತಹ ಕಡೆ, ದಾನಧರ್ಮಕ್ಕೆ ಪರೀಕ್ಷೆ, ಅಂಕಪಟ್ಟಿ, ಘಟಿಕೋತ್ಸವಗಳು ಏಕೆ ಬೇಕೆಂಬ ಸಂದೇಹಕ್ಕೆ ಸಹಜವಾಗಿಯೇ ಬಲ ಹೆಚ್ಚು. ಇದಕ್ಕೆ ಉತ್ತರವನ್ನು ಸಿದ್ಧಾಂತಗ್ರಂಥಗಳಲ್ಲಿ ಹುಡುಕುವುದಕ್ಕಿಂತ ಒಂದು ಊರಿನ ಒಂದು ಪೇಟೆಯ ಚರಿತ್ರೆಯಲ್ಲಿ ಹುಡುಕುವುದು ಹೆಚ್ಚು ಫಲಕಾರಿ ಎಂಬುದು ಈ ಉಪನ್ಯಾಸದ ನಿಲುವು. ಆ ಊರು ನಾಗಪುರ, ಆ ಪೇಟೆ ಸೀತಾಬರ್ಡಿ. ಅಲ್ಲಿ 1921ರಲ್ಲಿ ಒಂದು ಚಿಕ್ಕ ಹೆರಿಗೆಮನೆಯಾಗಿ ಆರಂಭವಾದ ಮಾತೃ ಸೇವಾ ಸಂಘವೇ 1958ರಲ್ಲಿ ಸಮಾಜಕಾರ್ಯವನ್ನು ಕಲಿಸುವ ಶಿಕ್ಷಣಸಂಸ್ಥೆಯೊಂದನ್ನು ತೆರೆಯಿತು. ಸೇವೆ ಮೊದಲು ನಡೆದು, ಅದನ್ನು ಕಲಿಸಬೇಕೆಂಬ ಅರಿವು ಮೂರೂವರೆ ದಶಕಗಳ ಬಳಿಕ ಬಂದ ಈ ಕ್ರಮದಲ್ಲಿ, ಇಂದಿನ ಪದವಿ ಶಿಕ್ಷಣದ ಶಕ್ತಿಯನ್ನೂ ದೌರ್ಬಲ್ಯವನ್ನೂ ಅಳೆಯುವುದಕ್ಕೆ ಬೇಕಾದ ಮಾನದಂಡವೊಂದು ಅಡಗಿದೆ.

ಸೀತಾಬರ್ಡಿ ಎಂದರೆ ನಾಗಪುರದ ನಡುವೆ ಎದ್ದುನಿಂತ ಎರಡು ಗುಡ್ಡಗಳು ಮತ್ತು ಅವುಗಳ ತಪ್ಪಲಿನಲ್ಲಿ ಬೆಳೆದ ಪೇಟೆ. 1817ರ ನವೆಂಬರ್ 26 ಮತ್ತು 27ರಂದು ಅಪ್ಪಾಸಾಹೇಬ ಭೋಸಲೆಯ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ತುಕಡಿಗೂ ಈ ಗುಡ್ಡಗಳ ಮೇಲೆಯೇ ಕಾಳಗ ನಡೆಯಿತು. ಅನಂತರ ಅಲ್ಲಿ ಎದ್ದ ಕೋಟೆ ಈಗಲೂ ಸೈನ್ಯದ ವಶದಲ್ಲಿದೆ. 1853ರಲ್ಲಿ ಮೂರನೆಯ ರಘೂಜಿ ಭೋಸಲೆ ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ರಾಜ್ಯವನ್ನು ಕಂಪನಿ ನುಂಗಿಕೊಂಡಿತು. 1861ರಲ್ಲಿ ಮಧ್ಯಪ್ರಾಂತ ರಚನೆಯಾಗಿ ನಾಗಪುರ ಅದರ ರಾಜಧಾನಿಯಾದಾಗ ಕಚೇರಿಗಳು, ವಕೀಲರು, ಗುಮಾಸ್ತರು, ಶಾಲೆಗಳು ಸೀತಾಬರ್ಡಿಯ ಸುತ್ತಲೂ ನೆಲೆಗೊಂಡವು. 1877ರ ಜನವರಿ 1ರಂದು ಜಮ್‌ಷೇಟ್‌ಜಿ ಟಾಟಾ ಅವರ ಎಂಪ್ರೆಸ್ ಮಿಲ್ ಇಲ್ಲಿಂದ ಹೆಚ್ಚು ದೂರವಲ್ಲದ ಕಡೆ ನೂಲು ತೆಗೆಯತೊಡಗಿತು. ರಾಜ್ಯ ಕಳೆದುಕೊಂಡ ಊರೊಂದು ಕಚೇರಿಯ ಊರಾಗಿ, ಗಿರಣಿಯ ಊರಾಗಿ ಮಾರ್ಪಡುವಾಗ ಹಳೆಯ ನಂಟುಗಳು ಸಡಿಲಗೊಂಡು ಹಳ್ಳಿಯಿಂದ ಬಂದವರಿಗೆ ಆಸರೆ ಇಲ್ಲದಂತಾಗುವುದು ಎಲ್ಲ ಕಡೆಯೂ ಕಂಡ ಸಂಗತಿ. ಸಮಾಜಕಾರ್ಯವೆಂಬ ವೃತ್ತಿಯೇ ಇಂತಹ ಪಲ್ಲಟದ ಕೂಸು.

ಎಂಪ್ರೆಸ್ ಮಿಲ್ಲನ್ನು ಇಲ್ಲಿ ಹೆಸರಿಸಲು ಇನ್ನೊಂದು ಕಾರಣವಿದೆ. ಕಾರ್ಮಿಕರಿಗೆ 1886ರಲ್ಲಿ ಪಿಂಚಣಿ ನಿಧಿಯನ್ನೂ 1895ರಲ್ಲಿ ಅಪಘಾತ ಪರಿಹಾರವನ್ನೂ ಕೊಡಲು ಆರಂಭಿಸಿದ ಈ ಗಿರಣಿ, ಕಾನೂನು ಒತ್ತಾಯಿಸುವುದಕ್ಕೆ ಮುಂಚೆಯೇ ಕಾರ್ಮಿಕ ಕಲ್ಯಾಣವನ್ನು ಲೆಕ್ಕಪುಸ್ತಕದೊಳಗೆ ತಂದಿತು. ಜಮ್‌ಷೇಟ್‌ಜಿಯವರ ಮಗ ಸರ್ ದೊರಾಬ್ಜಿ ಟಾಟಾ ತಮ್ಮ ಸಂಪತ್ತನ್ನು ನ್ಯಾಸವೊಂದಕ್ಕೆ ಒಪ್ಪಿಸಿ 1932ರಲ್ಲಿ ತೀರಿಕೊಂಡರು. ಆ ನ್ಯಾಸದ ಹಣದಿಂದಲೇ 1936ರಲ್ಲಿ ಮುಂಬೈಯಲ್ಲಿ ಭಾರತದ ಮೊದಲ ಸಮಾಜಕಾರ್ಯ ಶಾಲೆ ತೆರೆಯಿತು. ಟಾಟಾ ಮನೆತನದ ಮೊದಲ ದೊಡ್ಡ ಕೈಗಾರಿಕೆ ಬೇರೂರಿದ್ದು ನಾಗಪುರದಲ್ಲಿ ಎಂಬುದನ್ನು ನೆನೆದರೆ, ಈ ದೇಶದ ಸಮಾಜಕಾರ್ಯ ಶಿಕ್ಷಣದ ಬಂಡವಾಳದಲ್ಲಿ ನಾಗಪುರದ ನೂಲಿನ ಎಳೆಯೊಂದು ಸೇರಿದೆ ಎನ್ನಲು ಅಡ್ಡಿಯಿಲ್ಲ.

ಮಾತೃ ಸೇವಾ ಸಂಘವನ್ನು ಸ್ಥಾಪಿಸಿದವರು ಕಮಲಾಬಾಯಿ ಹೊಸಪೇಟ್. ಈ ಮನೆತನದ ಹೆಸರು ಕನ್ನಡಿಗರ ಕಿವಿಯನ್ನು ತಕ್ಷಣ ಸೆಳೆಯುತ್ತದೆಯಾದರೂ ಅದು ಅವರಿಗೆ ಮದುವೆಯಿಂದ ಬಂದದ್ದು. ಅವರು ಹುಟ್ಟಿದ್ದು 1896ರಲ್ಲಿ, ಮರಾಠಿ ಮಾತನಾಡುವ ಮೊಹೊನಿ ಮನೆತನದಲ್ಲಿ. ಎಳೆಯ ವಯಸ್ಸಿನಲ್ಲಿಯೇ ಮದುವೆ, ಹದಿಹರೆಯ ಮುಗಿಯುವ ಮೊದಲೇ ವೈಧವ್ಯ. ಅಂದಿನ ಮೇಲುಜಾತಿಯ ವಿಧವೆಗೆ ಸಮಾಜ ಗೊತ್ತುಮಾಡಿದ್ದ ಬದುಕು ಅಡಿಗೆಮನೆಯ ಮೂಲೆಯದಾಗಿದ್ದಾಗ, ಅವರು ನಾಗಪುರದ ಡಫರಿನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಮತ್ತು ಪ್ರಸೂತಿಯ ತರಬೇತಿ ಪಡೆದರು. ಡಫರಿನ್ ಆಸ್ಪತ್ರೆಗಳೆಂದರೆ, ಪುರುಷ ವೈದ್ಯರ ಬಳಿಗೆ ಹೋಗದ ಭಾರತೀಯ ಸ್ತ್ರೀಯರಿಗೆ ಸ್ತ್ರೀಯರಿಂದಲೇ ಚಿಕಿತ್ಸೆ ಒದಗಿಸಲು ವೈಸರಾಯರ ಪತ್ನಿ ಲೇಡಿ ಡಫರಿನ್ 1885ರಲ್ಲಿ ಆರಂಭಿಸಿದ ನಿಧಿಯಿಂದ ಅನೇಕ ಊರುಗಳಲ್ಲಿ ಎದ್ದ ಆಸ್ಪತ್ರೆಗಳು. ತರಬೇತಿ ಮುಗಿಸಿದ ಕಮಲಾಬಾಯಿ, ಜೊತೆಗಾತಿ ವೇಣುತಾಯಿ ನೇನೆ ಅವರೊಂದಿಗೆ 1921ರಲ್ಲಿ ಸೀತಾಬರ್ಡಿಯಲ್ಲಿ ಬೆರಳೆಣಿಕೆಯ ಹಾಸಿಗೆಗಳ ಹೆರಿಗೆಮನೆಯನ್ನು ತೆರೆದರು. ಮುಂದೆ ಅದರ ಶಾಖೆಗಳು ವಿದರ್ಭದ ಹಲವು ಊರುಗಳಿಗೆ ಹಬ್ಬಿದವು. ನರ್ಸಿಂಗ್ ತರಬೇತಿ, ವೃದ್ಧರ ಆಶ್ರಯ, ಬುದ್ಧಿಮಾಂದ್ಯ ಮಕ್ಕಳ ಶಾಲೆ ಮುಂತಾಗಿ ಕೆಲಸಗಳು ಕವಲೊಡೆದವು. ಕೇಂದ್ರ ಸರ್ಕಾರ 1961ರಲ್ಲಿ ಕಮಲಾಬಾಯಿಯವರಿಗೆ ಪದ್ಮಶ್ರೀ ನೀಡಿತು. ಅವರು 1981ರಲ್ಲಿ ತೀರಿಕೊಂಡರು.

ಈ ವೃತ್ತಾಂತವನ್ನು ಸಾಮಾನ್ಯವಾಗಿ ತ್ಯಾಗದ ಕಥೆಯಾಗಿ ಹೇಳುವುದು ವಾಡಿಕೆ. ವಿಧವೆಯೊಬ್ಬರು ತಮ್ಮ ದುಃಖವನ್ನು ಪರರ ಸೇವೆಯಲ್ಲಿ ಕರಗಿಸಿದರು ಎಂಬ ಆ ನಿರೂಪಣೆಯಲ್ಲಿ ಸುಳ್ಳಿಲ್ಲ, ಆದರೆ ಮುಖ್ಯವಾದ ಅಂಶವೊಂದು ಅದರಲ್ಲಿ ಬಿಟ್ಟುಹೋಗುತ್ತದೆ. ಕಮಲಾಬಾಯಿ ಮೊದಲು ಮಾಡಿದ ಕೆಲಸ ಸೇವೆಯಲ್ಲ, ಕಲಿಕೆ. ಹೆರಿಗೆಯಂತಹ ಕೆಲಸದಲ್ಲಿ ಮರುಕವಿದ್ದು ಕೌಶಲವಿಲ್ಲದಿದ್ದರೆ ತಾಯಿಯೂ ಉಳಿಯಲಾರಳು, ಮಗುವೂ ಉಳಿಯಲಾರದು. ತೊಳೆಯದ ಕೈ ಎಷ್ಟೇ ಪ್ರೀತಿಯಿಂದ ಮುಟ್ಟಿದರೂ ನಂಜನ್ನೇ ಹರಡುತ್ತದೆ. ಸದಿಚ್ಛೆ ಮತ್ತು ಸಾಮರ್ಥ್ಯ ಎರಡು ಬೇರೆ ಸಂಗತಿಗಳು ಎಂಬುದನ್ನು ಹೆರಿಗೆಮನೆಯಷ್ಟು ನಿರ್ದಯವಾಗಿ ತೋರಿಸಿಕೊಡುವ ಜಾಗ ಇನ್ನೊಂದಿಲ್ಲ. ಹೀಗೆ ತರಬೇತಿಯ ಬೆಲೆಯನ್ನು ತನ್ನ ಹುಟ್ಟಿನಲ್ಲೇ ಅರಿತಿದ್ದ ಸಂಸ್ಥೆಯೊಂದು, ಒಡೆದ ಕುಟುಂಬ, ಅನಾಥ ಮಗು, ಜೈಲಿನಿಂದ ಹೊರಬಂದ ಯುವಕ, ಮನೋರೋಗಿಯ ಹೆಂಡತಿ ಇಂಥವರ ನಡುವೆ ಕೆಲಸ ಮಾಡುವವರಿಗೂ ತರಬೇತಿ ಬೇಕೆಂದು ಮನಗಂಡದ್ದರಲ್ಲಿ ಆಶ್ಚರ್ಯವಿಲ್ಲ. ಸೇವೆಗೆ ಪದವಿ ಏಕೆ ಎಂದು ಕೇಳುವವರು ಸೂಲಗಿತ್ತಿತನಕ್ಕೆ ತರಬೇತಿ ಏಕೆ ಎಂದು ಕೇಳುವುದಿಲ್ಲ. ಮೊದಲನೆಯದರಲ್ಲಿ ಆಗುವ ಹಾನಿ ನಿಧಾನವಾದದ್ದು, ಕಣ್ಣಿಗೆ ಬೀಳದ್ದು, ವ್ಯತ್ಯಾಸ ಅಷ್ಟೇ.

ಪಾಶ್ಚಾತ್ಯ ದೇಶಗಳಲ್ಲಿಯೂ ದಾರಿ ಸಾಗಿದ್ದು ಇದೇ ದಿಕ್ಕಿನಲ್ಲಿ. 1869ರಲ್ಲಿ ಲಂಡನ್ನಿನಲ್ಲಿ ದಾನ ಸಂಘಟನಾ ಸಂಘ ಹುಟ್ಟಿದ್ದು, ಒಬ್ಬನೇ ಬಡವ ಹತ್ತು ಕಡೆ ದಾನ ಪಡೆಯುವುದನ್ನೂ ನಿಜವಾಗಿ ನೊಂದವನು ಎಲ್ಲಿಯೂ ಪಡೆಯದಿರುವುದನ್ನೂ ತಡೆಯಲೆಂದು. 1884ರಲ್ಲಿ ಲಂಡನ್ನಿನ ಟಾಯ್ನ್‌ಬಿ ಹಾಲ್ ಮತ್ತು 1889ರಲ್ಲಿ ಷಿಕಾಗೋದ ಹಲ್ ಹೌಸ್, ಓದಿದವರು ಬಡಕೇರಿಯಲ್ಲಿಯೇ ಮನೆ ಮಾಡಿಕೊಂಡು ನೆರೆಯವರಾಗಿ ಬದುಕುವ ಪ್ರಯೋಗಗಳಾಗಿ ಹೆಸರಾದವು. 1897ರಲ್ಲಿ ಮೇರಿ ರಿಚ್ಮಂಡ್ ತರಬೇತಿ ಶಾಲೆಯ ಅಗತ್ಯವನ್ನು ಪ್ರತಿಪಾದಿಸಿದ ಮರುವರ್ಷವೇ ನ್ಯೂಯಾರ್ಕಿನಲ್ಲಿ ಬೇಸಿಗೆ ತರಗತಿ ಆರಂಭವಾಯಿತು. ಆದರೂ 1915ರಲ್ಲಿ, ಅಮೆರಿಕದ ವೈದ್ಯಶಿಕ್ಷಣವನ್ನು ತಿದ್ದಿ ಹೆಸರಾಗಿದ್ದ ಅಬ್ರಹಾಂ ಫ್ಲೆಕ್ಸ್‌ನರ್, ಸಮಾಜಕಾರ್ಯಕ್ಕೆ ತನ್ನದೇ ಆದ, ಕಲಿಸಿಕೊಡಬಹುದಾದ ತಂತ್ರವಿಲ್ಲವಾದ್ದರಿಂದ ಅದು ಪೂರ್ಣಾರ್ಥದ ವೃತ್ತಿಯಲ್ಲ ಎಂದು ಈ ಕ್ಷೇತ್ರದವರ ಸಮ್ಮೇಳನದಲ್ಲಿಯೇ ಹೇಳಿದರು. ರಿಚ್ಮಂಡ್ 1917ರಲ್ಲಿ ಪ್ರಕಟಿಸಿದ ‘ಸೋಷಿಯಲ್ ಡಯಾಗ್ನೋಸಿಸ್’ ಈ ಆಕ್ಷೇಪಕ್ಕೆ ತಕ್ಕ ಉತ್ತರವಾಯಿತು. ನೊಂದವನ ಸಮಸ್ಯೆಯನ್ನು ಅರಿಯಲು ಯಾವ ಮಾಹಿತಿಯನ್ನು ಯಾರಿಂದ ಪಡೆಯಬೇಕು, ಅದನ್ನು ಹೇಗೆ ತೂಗಬೇಕು ಎಂಬುದನ್ನು ಆ ಗ್ರಂಥ ಒಂದು ಶಾಸ್ತ್ರದ ಶಿಸ್ತಿನಿಂದ ವಿವರಿಸಿತು.

ಮುಂಬೈಯ ಶಾಲೆಯ ಮೊದಲ ನಿರ್ದೇಶಕರಾದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಕೂಡ ತರಗತಿಗೆ ಬರುವ ಮೊದಲು ಕೇರಿಯಲ್ಲಿ ಕೆಲಸ ಮಾಡಿದವರೇ. 1920ರ ದಶಕದಲ್ಲಿ ನಾಗಪಾಡಾದ ಬಡಕೇರಿಯಲ್ಲಿ ನೆರೆಹೊರೆ ಕೇಂದ್ರವೊಂದನ್ನು ಕಟ್ಟಿ ನಡೆಸಿದ ಅನುಭವ ಅವರ ಬೆನ್ನಿಗಿತ್ತು. 1944ರಲ್ಲಿ ಆ ಶಾಲೆ ಟಾಟಾ ಸಮಾಜವಿಜ್ಞಾನ ಸಂಸ್ಥೆ ಎಂಬ ಹೆಸರು ಪಡೆಯಿತು. ಅನಂತರ ದೆಹಲಿ, ಕಾಶಿ, ಅಹಮದಾಬಾದ್, ಬರೋಡಾ, ಲಖನೌ, ಮದರಾಸುಗಳಲ್ಲಿ ಒಂದರ ಹಿಂದೊಂದು ಶಾಲೆಗಳು ತೆರೆದವು. ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಕರಾವಳಿಗೆ ಈ ಶಿಕ್ಷಣವನ್ನು ತಂದಿತು.

ನಾಗಪುರದ ಸಂಸ್ಥೆ ತೆರೆದ 1958ರ ಸುತ್ತಮುತ್ತಲಿನ ವರ್ಷಗಳನ್ನು ಗಮನಿಸಿದರೆ ಅದು ಅಕಾಲದ ಹುಟ್ಟಲ್ಲವೆಂದು ತಿಳಿಯುತ್ತದೆ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಗಿತ್ತು. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ರಚನೆಯಾಗಿತ್ತು. ಅಪರಾಧಿಯನ್ನು ಸೆರೆಗೆ ತಳ್ಳುವ ಬದಲು ಅಧಿಕಾರಿಯೊಬ್ಬರ ಮೇಲ್ವಿಚಾರಣೆಯಲ್ಲಿ ಬಿಡಲು ಅವಕಾಶ ಕೊಟ್ಟ ಪರಿವೀಕ್ಷಣಾ ಕಾಯಿದೆ 1958ರಲ್ಲಿಯೇ ಬಂತು. ಇವೆಲ್ಲಕ್ಕೂ ತರಬೇತಿ ಪಡೆದ ಕೈಗಳು ಬೇಕಾಗಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ವಿದರ್ಭ ದ್ವಿಭಾಷಾ ಮುಂಬೈ ರಾಜ್ಯಕ್ಕೆ ಸೇರಿ, ನಾಗಪುರ ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತ್ತು. ಅದೇ ವರ್ಷದ ಅಕ್ಟೋಬರ್ 14ರಂದು ಡಾ. ಬಿ. ಆರ್. ಅಂಬೇಡ್ಕರ್ ಈ ಊರಿನಲ್ಲಿಯೇ ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧ ದೀಕ್ಷೆ ಪಡೆದರು. ದೀಕ್ಷಾಭೂಮಿಯಿರುವ ಊರಿನಲ್ಲಿ ಸಮಾಜಕಾರ್ಯ ಕಲಿಯುವುದಕ್ಕೂ ಬೇರೆಡೆ ಕಲಿಯುವುದಕ್ಕೂ ಅಂತರವಿದೆ. ಏಕೆಂದರೆ ‘ದೀನರಿಗೆ ಉಪಕಾರ’ ಎಂಬ ಭಾಷೆಯನ್ನೇ ತಿರಸ್ಕರಿಸಿ, ಹಕ್ಕು ಮತ್ತು ಘನತೆಯ ಭಾಷೆಯನ್ನು ಕೈಗೆತ್ತಿಕೊಂಡ ಜನರೇ ಇಲ್ಲಿ ವಿದ್ಯಾರ್ಥಿಯ ಎದುರು ಕುಳಿತಿರುತ್ತಾರೆ. ಅನೇಕ ವೇಳೆ ವಿದ್ಯಾರ್ಥಿಯೂ ಅವರ ಮನೆಯಿಂದಲೇ ಬಂದವನಾಗಿರುತ್ತಾನೆ.

ಈಗ ಬಜಾಜ್ ನಗರದಲ್ಲಿರುವ ಮಾತೃ ಸೇವಾ ಸಂಘದ ಸಮಾಜಕಾರ್ಯ ಸಂಸ್ಥೆ ನಾಗಪುರ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆ. 1923ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯಕ್ಕೆ 2005ರಲ್ಲಿ ರಾಷ್ಟ್ರಸಂತ ತುಕಡೋಜಿ ಮಹಾರಾಜರ ಹೆಸರನ್ನಿಡಲಾಯಿತು. ತುಕಡೋಜಿ ಅವರು ಹಳ್ಳಿಯ ನೈರ್ಮಲ್ಯ, ಶ್ರಮದಾನ, ವ್ಯಸನಮುಕ್ತಿ, ಜಾತಿಭೇದ ನಿವಾರಣೆಗಳನ್ನು ‘ಗ್ರಾಮಗೀತೆ’ ಎಂಬ ಮರಾಠಿ ಪದ್ಯಕೃತಿಯಲ್ಲಿ ಜನರ ಬಾಯಿಗೆ ತಂದ ಭಜನಕಾರ. ಸಮುದಾಯ ಸಂಘಟನೆಯ ಪಠ್ಯವೊಂದು ತನ್ನದೇ ವಿಶ್ವವಿದ್ಯಾಲಯದ ಹೆಸರಿನಲ್ಲಿ ಹೀಗೆ ಕೈಗೆಟಕುವಂತಿದ್ದರೂ, ತರಗತಿಯಲ್ಲಿ ಅಮೆರಿಕದ ಲೇಖಕರ ವ್ಯಾಖ್ಯೆಗಳನ್ನೇ ಮೊದಲು ಬಾಯಿಪಾಠ ಮಾಡುವುದು ಈ ಶಿಕ್ಷಣದ ಹಳೆಯ ಚಾಳಿ.

ಪದವಿಯ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಪಿಯುಸಿಯ ಬಳಿಕ ಸೇರಬಹುದಾದ ಸ್ನಾತಕ ಪದವಿ ಬಿ.ಎಸ್.ಡಬ್ಲ್ಯೂ.; ಯಾವುದೇ ವಿಷಯದ ಪದವೀಧರರು ಎರಡು ವರ್ಷ, ನಾಲ್ಕು ಸೆಮಿಸ್ಟರ್ ಓದುವುದು ಎಂ.ಎಸ್.ಡಬ್ಲ್ಯೂ. ವಾಣಿಜ್ಯ ಓದಿದವರೂ ವಿಜ್ಞಾನ ಓದಿದವರೂ ಇದಕ್ಕೆ ಬರುತ್ತಾರೆ. ಸಮಾಜಶಾಸ್ತ್ರ ಸಮಾಜವನ್ನು ಅರಿಯಲು ಯತ್ನಿಸುವ ಜ್ಞಾನಶಾಖೆಯಾದರೆ, ಸಮಾಜಕಾರ್ಯ ಆ ಅರಿವನ್ನು ಹಿಡಿದು ನಿರ್ದಿಷ್ಟ ವ್ಯಕ್ತಿಯ ಅಥವಾ ಗುಂಪಿನ ಸ್ಥಿತಿಯನ್ನು ಬದಲಿಸಲು ಯತ್ನಿಸುವ ವೃತ್ತಿ. ಅದರ ವಿಧಾನಗಳು ಆರೆಂದು ಪಠ್ಯಗಳು ಎಣಿಸುತ್ತವೆ. ಒಬ್ಬೊಬ್ಬರೊಂದಿಗೆ ನಡೆಸುವ ವ್ಯಕ್ತಿಗತ ಸಮಾಜಕಾರ್ಯ, ಸಣ್ಣ ಗುಂಪುಗಳೊಂದಿಗೆ ನಡೆಸುವ ವೃಂದಗತ ಸಮಾಜಕಾರ್ಯ, ಕೇರಿ ಅಥವಾ ಊರಿನ ಮಟ್ಟದ ಸಮುದಾಯ ಸಂಘಟನೆ ಇವು ನೇರ ವಿಧಾನಗಳು. ಕಲ್ಯಾಣ ಸಂಸ್ಥೆಗಳ ಆಡಳಿತ, ಸಂಶೋಧನೆ ಮತ್ತು ಸಾಮಾಜಿಕ ಕ್ರಿಯೆ ಇವು ಪೂರಕ ವಿಧಾನಗಳು. ಸಾಮಾಜಿಕ ಕ್ರಿಯೆ ಎಂದರೆ ನೀತಿಯನ್ನೋ ಕಾನೂನನ್ನೋ ಬದಲಿಸುವಂತೆ ಸಂಘಟಿತವಾಗಿ ಒತ್ತಡ ತರುವುದು. ಪಠ್ಯಗಳು ಇದನ್ನು ಕೊನೆಯಲ್ಲಿ ಇಡುತ್ತವೆ, ಪರೀಕ್ಷೆಯಲ್ಲಿಯೂ ಅದಕ್ಕೆ ಐದಂಕದ ಟಿಪ್ಪಣಿಯ ಗತಿ.

ಆದರೆ ಈ ಪದವಿಯನ್ನು ಉಳಿದ ಕಲಾ ಪದವಿಗಳಿಂದ ಬೇರ್ಪಡಿಸುವುದು ಈ ವಿಧಾನಗಳ ಪಟ್ಟಿಯಲ್ಲ, ಕ್ಷೇತ್ರಕಾರ್ಯ. ವಿದ್ಯಾರ್ಥಿಗಳ ಬಾಯಲ್ಲಿ ಅದು ಫೀಲ್ಡ್‌ವರ್ಕ್. ವಾರದಲ್ಲಿ ಎರಡು ದಿನ, ಸುಮಾರು 15 ಗಂಟೆ, ವಿದ್ಯಾರ್ಥಿ ಆಸ್ಪತ್ರೆ, ಬಾಲಮಂದಿರ, ಕುಟುಂಬ ಸಲಹಾ ಕೇಂದ್ರ, ಕೊಳೆಗೇರಿ ಅಥವಾ ಕಾರ್ಖಾನೆಯಲ್ಲಿ ಕೆಲಸ ಮಾಡಬೇಕು; ಇಂತಹ ಸ್ಥಳಕ್ಕೆ ‘ಏಜೆನ್ಸಿ’ ಎಂದು ಹೆಸರು. ಏಜೆನ್ಸಿಯಲ್ಲಿ ಒಬ್ಬ ಮೇಲ್ವಿಚಾರಕರೂ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರೂ ಅವನ ಕೆಲಸವನ್ನು ನೋಡಿಕೊಳ್ಳುತ್ತಾರೆ. ವಿದ್ಯಾರ್ಥಿ ಪ್ರತಿ ಭೇಟಿಯ ವಿವರವನ್ನು, ಅಂದರೆ ಎದುರಿನವರು ಏನೆಂದರು, ತಾನು ಏನೆಂದೆ, ಹಾಗೆ ಹೇಳುವಾಗ ತನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಬರೆದೊಪ್ಪಿಸಬೇಕು. ಇದಕ್ಕೆ ಪ್ರಕ್ರಿಯಾ ದಾಖಲೆ ಎಂದು ಹೆಸರು. ಆ ದಾಖಲೆಯನ್ನು ಮುಂದಿಟ್ಟುಕೊಂಡು ಅಧ್ಯಾಪಕರು ವಾರಕ್ಕೊಮ್ಮೆ ವಿದ್ಯಾರ್ಥಿಯೊಬ್ಬನೊಂದಿಗೇ ಕುಳಿತು ಚರ್ಚಿಸುವುದು ವೈಯಕ್ತಿಕ ಸಮಾಲೋಚನೆ. ವಿದ್ಯಾರ್ಥಿಗಳು ಇದನ್ನು ಚಿಕ್ಕದಾಗಿ ಐ.ಸಿ. ಎನ್ನುತ್ತಾರೆ. ವರ್ಷಕ್ಕೊಮ್ಮೆ ಹಳ್ಳಿಯಲ್ಲಿ ಕ್ಯಾಂಪ್, ಕೊನೆಯಲ್ಲಿ ಒಂದೇ ಸಂಸ್ಥೆಯಲ್ಲಿ ಎಡೆಬಿಡದೆ ಕೆಲವು ವಾರಗಳ ಬ್ಲಾಕ್ ಪ್ಲೇಸ್‌ಮೆಂಟ್.

ಹೆರಿಗೆ ಆಸ್ಪತ್ರೆಯೊಂದರಲ್ಲಿ ಕ್ಷೇತ್ರಕಾರ್ಯಕ್ಕೆ ನೇಮಕವಾದ ವಿದ್ಯಾರ್ಥಿನಿಯ ಕೆಲಸವನ್ನು ಕಲ್ಪಿಸಿಕೊಂಡರೆ ಈ ವ್ಯವಸ್ಥೆಯ ತಿರುಳು ತಿಳಿಯುತ್ತದೆ. ಮೂರನೆಯ ಹೆಣ್ಣುಮಗುವನ್ನು ಹೆತ್ತ ತಾಯಿಯೊಬ್ಬಳು ಮಾತು ನಿಲ್ಲಿಸಿ ಗೋಡೆಯತ್ತ ಮುಖಮಾಡಿ ಮಲಗಿದ್ದಾಳೆಂದರೆ, ವೈದ್ಯರು ಆಕೆಯ ರಕ್ತದೊತ್ತಡವನ್ನು ನೋಡುತ್ತಾರೆ, ನರ್ಸು ಔಷಧಿ ಕೊಡುತ್ತಾಳೆ. ಆಕೆಯ ಗಂಡ ಮೂರು ದಿನದಿಂದ ಏಕೆ ಬಂದಿಲ್ಲ, ಅತ್ತೆ ಏನೆಂದಳು, ತವರಿನ ಬಾಗಿಲು ತೆರೆದಿದೆಯೆ, ಡಿಸ್ಚಾರ್ಜ್ ಆದ ಮೇಲೆ ಆಕೆ ಹೋಗುವುದೆಲ್ಲಿಗೆ ಎಂಬುದನ್ನು ಕೇಳುವುದು ಸಮಾಜಕಾರ್ಯಕರ್ತೆಯ ಪಾಲಿನ ಕೆಲಸ. ಕೇಳುವುದೆಂದರೆ ಪ್ರಶ್ನಾವಳಿ ಹಿಡಿದು ಕೂರುವುದಲ್ಲ. ಫೆಲಿಕ್ಸ್ ಬೀಸ್ಟೆಕ್ 1957ರ ತಮ್ಮ ಗ್ರಂಥದಲ್ಲಿ ಇಂತಹ ಸಂಬಂಧಕ್ಕೆ ಏಳು ತತ್ತ್ವಗಳನ್ನು ಹೇಳಿದರು: ಪ್ರತಿಯೊಬ್ಬರನ್ನೂ ಬೇರೆಯೇ ವ್ಯಕ್ತಿಯೆಂದು ಕಾಣುವುದು, ಅವರು ತಮ್ಮ ಭಾವನೆಯನ್ನು ಹೊರಹಾಕಲು ಬಿಡುವುದು, ತನ್ನ ಭಾವನೆಯನ್ನು ಹಿಡಿತದಲ್ಲಿಟ್ಟು ಸ್ಪಂದಿಸುವುದು, ಇದ್ದಂತೆ ಒಪ್ಪಿಕೊಳ್ಳುವುದು, ತೀರ್ಪು ಕೊಡದಿರುವುದು, ನಿರ್ಧಾರವನ್ನು ಅವರಿಗೇ ಬಿಡುವುದು, ಗುಟ್ಟು ಕಾಯುವುದು. ಇಪ್ಪತ್ತೆರಡರ ಹರೆಯದ, ತಾನೂ ಹೆಣ್ಣಾಗಿರುವ ವಿದ್ಯಾರ್ಥಿನಿಗೆ ಆ ಗಂಡನ ಮೇಲೆ ಉಕ್ಕಿಬರುವ ಸಿಟ್ಟನ್ನು ನುಂಗಿಕೊಂಡು ಅವನೊಂದಿಗೂ ಮಾತನಾಡುವುದು ಸುಲಭವಲ್ಲ. ನಿರ್ಧಾರವನ್ನು ಆಕೆಗೇ ಬಿಡಬೇಕೆಂಬ ತತ್ತ್ವವಂತೂ, ಹೆಣ್ಣಿನ ಪರವಾಗಿ ಮನೆಯ ಹಿರಿಯರೇ ನಿರ್ಧರಿಸುವ ಕುಟುಂಬದಲ್ಲಿ ಏನಾಗುತ್ತದೆ ಎಂಬುದಕ್ಕೆ ಬೀಸ್ಟೆಕ್ ಅವರ ಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ. ಆ ಉತ್ತರ ಹುಟ್ಟಬೇಕಾದದ್ದು ಐ.ಸಿ.ಯ ಒಂದು ಗಂಟೆಯಲ್ಲಿ, ಅನುಭವಿ ಅಧ್ಯಾಪಕರು ವಿದ್ಯಾರ್ಥಿನಿಯ ಬರಹದ ಒಂದು ಸಾಲಿನ ಮೇಲೆ ಬೆರಳಿಟ್ಟು ‘ಇಲ್ಲಿ ನೀನು ಮಾತು ತಿರುಗಿಸಿದ್ದೇಕೆ’ ಎಂದು ಕೇಳಿದಾಗ.

ಈ ಗಂಟೆಯೇ ಈ ಪದವಿಯ ಜೀವ. ಡಫರಿನ್ ಆಸ್ಪತ್ರೆಯಲ್ಲಿ ಕಲಿಯುವವಳ ಕೈಯನ್ನು ಹಿರಿಯ ನರ್ಸು ಹಿಡಿದು ತಿದ್ದಿದ ಹಾಗೆ, ಇಲ್ಲಿ ವಿದ್ಯಾರ್ಥಿಯ ಮಾತು ಮತ್ತು ಮನೋಭಾವ ತಿದ್ದುಪಡಿಗೆ ಒಳಗಾಗುತ್ತವೆ. ಇಂದು ಅತ್ಯಂತ ವೇಗವಾಗಿ ಸವೆಯುತ್ತಿರುವುದೂ ಇದೇ ಗಂಟೆ. ಖಾಲಿ ಹುದ್ದೆಗಳ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರೊಬ್ಬರ ಪಾಲಿಗೆ ಇಪ್ಪತ್ತು ಮೂವತ್ತು ವಿದ್ಯಾರ್ಥಿಗಳು ಬಂದರೆ ಅವರು ದಾಖಲೆಗಳನ್ನು ಓದುವುದಿಲ್ಲ, ಸಹಿ ಹಾಕುತ್ತಾರೆ. ಓದುವವರಿಲ್ಲವೆಂದು ತಿಳಿದ ವಿದ್ಯಾರ್ಥಿ ಹಿಂದಿನ ವರ್ಷದವರ ರಿಪೋರ್ಟನ್ನು ನಕಲು ಮಾಡುತ್ತಾನೆ. ಹೆಸರು, ದಿನಾಂಕ ಬದಲಾಗುತ್ತವೆ, ಕೇರಿಯ ಸಮಸ್ಯೆಗಳು ಮಾತ್ರ ಬದಲಾಗುವುದಿಲ್ಲ. ಏಜೆನ್ಸಿಗಳೂ ವಿದ್ಯಾರ್ಥಿಗಳನ್ನು ಕಡತ ಜೋಡಿಸಲು, ಕಾರ್ಯಕ್ರಮದ ಕುರ್ಚಿ ಹಾಕಲು ಬಳಸಿಕೊಂಡು ಹಾಜರಾತಿಗೆ ಮುದ್ರೆ ಒತ್ತಿಕೊಡುತ್ತವೆ. ಹೀಗಾದಾಗ ಉಳಿಯುವುದು ಸಮಾಜಶಾಸ್ತ್ರದ ತೆಳುವಾದ ಪದವಿಯೊಂದು ಮಾತ್ರ. ಅಂತಹ ಪದವಿಯನ್ನು ಹಿಡಿದು ಹೊರಬಂದವರನ್ನು ಕಂಡೇ ಜನ ‘ಸೇವೆಗೆ ಡಿಗ್ರಿ ಏಕೆ’ ಎಂದು ಕೇಳುತ್ತಾರಾದರೆ ಆ ಪ್ರಶ್ನೆಯಲ್ಲಿ ಪೂರ್ತಿ ತಪ್ಪಿಲ್ಲ.

ಕ್ಷೇತ್ರ ಎಷ್ಟು ಸಮೃದ್ಧವಾಗಿರಬಲ್ಲದು ಎಂಬುದಕ್ಕೆ ಸೀತಾಬರ್ಡಿಯೇ ಸಾಕ್ಷಿ. ಎರಡು ಮೆಟ್ರೋ ಮಾರ್ಗಗಳು ಕೂಡುವ ನಿಲ್ದಾಣ, ಮೋರ್ ಭವನದ ಬಸ್ ತಂಗುದಾಣ, ಬಟ್ಟೆ ಮತ್ತು ಪುಸ್ತಕದ ಅಂಗಡಿಗಳು, ಅವುಗಳ ಮುಂದೆ ರಸ್ತೆಗೆ ಚಾಚಿದ ಬೀದಿ ವ್ಯಾಪಾರ. ಇಲ್ಲಿನ ಮುಖ್ಯ ರಸ್ತೆಯಲ್ಲಿ ಅಂಗಡಿಕಾರರಿಗೂ ಬೀದಿ ವ್ಯಾಪಾರಿಗಳಿಗೂ ನಡುವಿನ ತಕರಾರು ಹಳೆಯದು, ಮುಂಬೈ ಉಚ್ಚ ನ್ಯಾಯಾಲಯದ ನಾಗಪುರ ಪೀಠದ ಮೆಟ್ಟಿಲನ್ನೂ ಏರಿದ್ದು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಪ್ರತಿ ನಗರದಲ್ಲಿ ವ್ಯಾಪಾರ ಸಮಿತಿಯೊಂದು ಇರಬೇಕೆಂದೂ, ಅದರಲ್ಲಿ ಕನಿಷ್ಠ 40 ಪ್ರತಿಶತ ಬೀದಿ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕೆಂದೂ, ಆ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕೆಂದೂ ಹೇಳುತ್ತದೆ. ಸಮೀಕ್ಷೆಯಾಗದೆ ಯಾರನ್ನೂ ಎಬ್ಬಿಸುವಂತಿಲ್ಲ. ಕಾಯಿದೆಯ ಈ ವಾಕ್ಯಗಳಿಗೂ ಕ್ಲಿಪ್ಪು, ಕರವಸ್ತ್ರ ಮಾರುವ ಹೆಂಗಸಿಗೂ ನಡುವೆ ಇರುವ ದೂರವನ್ನು ಅಳೆಯುವುದು, ಆಕೆಗೆ ಸಮೀಕ್ಷೆಯ ಚೀಟಿ ದೊರೆತಿದೆಯೆ ಎಂದು ನೋಡುವುದು, ಚದುರಿದ ವ್ಯಾಪಾರಿಗಳನ್ನು ಒಂದು ಸಭೆಗೆ ಕೂಡಿಸುವುದು, ಅಂಗಡಿಕಾರನ ಅಹವಾಲನ್ನೂ ಪಾದಚಾರಿಯ ಕಷ್ಟವನ್ನೂ ಆ ಸಭೆಯ ಮುಂದಿಡುವುದು, ಇವಿಷ್ಟನ್ನು ಒಂದು ವರ್ಷ ಮಾಡಿದ ವಿದ್ಯಾರ್ಥಿಗೆ ಸಮುದಾಯ ಸಂಘಟನೆಯ ವ್ಯಾಖ್ಯೆಯನ್ನು ಕಂಠಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ವಿದರ್ಭದ ಹತ್ತಿ ಬೆಳೆಗಾರರ ಆತ್ಮಹತ್ಯೆಗಳು, ಗಡಚಿರೋಲಿಯ ಆದಿವಾಸಿ ಹಳ್ಳಿಗಳು ಈ ಸಂಸ್ಥೆಗಳ ಕ್ಯಾಂಪಿಗೂ ಪ್ರಬಂಧಕ್ಕೂ ಒದಗುವ ಇನ್ನಷ್ಟು ದೂರದ, ಇನ್ನಷ್ಟು ಕಠಿಣವಾದ ನೆಲೆಗಳು.

ಮಹಾರಾಷ್ಟ್ರದಲ್ಲಿ ಅನುದಾನಿತ ಸಮಾಜಕಾರ್ಯ ಕಾಲೇಜುಗಳು ಉನ್ನತ ಶಿಕ್ಷಣ ಇಲಾಖೆಯ ಅಡಿಯಲ್ಲಿ ಇಲ್ಲ. ಅವು ಸಾಮಾಜಿಕ ನ್ಯಾಯ ಇಲಾಖೆಗೆ ಸೇರಿವೆ. ಹಾಸ್ಟೆಲು, ವಿದ್ಯಾರ್ಥಿವೇತನ, ವೃದ್ಧಾಶ್ರಮಗಳ ಲೆಕ್ಕ ನೋಡುವ ಇಲಾಖೆಯೇ ಅಧ್ಯಾಪಕರಿಗೂ ಸಂಬಳ ಕೊಡುತ್ತದೆ. ಕಲ್ಯಾಣ ಕಾರ್ಯಕ್ರಮಕ್ಕೂ ಅದಕ್ಕೆ ಬೇಕಾದ ಸಿಬ್ಬಂದಿಯ ಶಿಕ್ಷಣಕ್ಕೂ ಹೀಗೆ ಒಂದೇ ಸೂರು ದೊರೆತದ್ದು ತತ್ತ್ವತಃ ಒಳ್ಳೆಯದು. ಇಲಾಖೆಯ ಯೋಜನೆಯನ್ನು ಅದರ ಅನುದಾನದಲ್ಲಿ ನಡೆಯುವ ಕಾಲೇಜು ಎಷ್ಟರ ಮಟ್ಟಿಗೆ ವಿಮರ್ಶಿಸಬಲ್ಲದು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಕರ್ನಾಟಕದ ಸಮಸ್ಯೆ ಬೇರೆ ಬಗೆಯದು. 1948ರ ಕಾರ್ಖಾನೆ ಕಾಯಿದೆಯ 49ನೆಯ ಪ್ರಕರಣ, 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣ ಅಧಿಕಾರಿ ಇರಬೇಕೆಂದು ವಿಧಿಸಿತು. ಕಾರ್ಮಿಕ ಕಲ್ಯಾಣವನ್ನು ವಿಶೇಷ ವಿಷಯವಾಗಿ ಓದಿದ ಸಮಾಜಕಾರ್ಯ ಪದವೀಧರರಿಗೆ ಇದರಿಂದ ನೆಲೆಯುಳ್ಳ ಉದ್ಯೋಗ ದೊರೆಯಿತು. ಕಾಲಕ್ರಮದಲ್ಲಿ ಕಾರ್ಮಿಕ ಕಲ್ಯಾಣ ಸಿಬ್ಬಂದಿ ನಿರ್ವಹಣೆಯಾಗಿ, ಅದು ಮಾನವ ಸಂಪನ್ಮೂಲವಾಗಿ, ಬೆಂಗಳೂರಿನ ಸುತ್ತಮುತ್ತ ಎಂ.ಎಸ್.ಡಬ್ಲ್ಯೂ. ಎಂದರೆ ಎಚ್.ಆರ್. ಕೆಲಸದ ಅಗ್ಗದ ದಾರಿ ಎಂಬ ಭಾವನೆ ಬೆಳೆದಿದೆ. ಇದಕ್ಕಾಗಿ ವಿದ್ಯಾರ್ಥಿಯನ್ನು ದೂರುವುದು ಅನ್ಯಾಯ. ಸಾಲ ಮಾಡಿ ಓದಿದವನಿಗೆ ಮಕ್ಕಳ ಸಹಾಯವಾಣಿಯ ಗುತ್ತಿಗೆ ಕೆಲಸಕ್ಕಿಂತ ಕಾರ್ಖಾನೆಯ ಕಚೇರಿ ಹೆಚ್ಚು ಭದ್ರವಾಗಿ ಕಾಣುವುದು ಸಹಜ. 2015ರ ಬಾಲನ್ಯಾಯ ಕಾಯಿದೆಯ ಬಾಲನ್ಯಾಯ ಮಂಡಳಿಗಳಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಕೂರಬೇಕೆಂಬ ನಿಯಮವಿದೆ. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ಹೆಸರಿಸಿ ಗುರುತಿಸುತ್ತದೆ. ಆದರೆ ವೈದ್ಯರಿಗೂ ವಕೀಲರಿಗೂ ಇರುವಂತೆ ಇಡೀ ವೃತ್ತಿಯನ್ನು ನೋಂದಾಯಿಸಿ ನಿಯಂತ್ರಿಸುವ ಶಾಸನಬದ್ಧ ಪರಿಷತ್ತು ಈ ದೇಶದಲ್ಲಿ ಸಮಾಜಕಾರ್ಯಕ್ಕೆ ಇಲ್ಲ. ಹೀಗಾಗಿ ಪದವಿ ಇಲ್ಲದವರೂ ಅದೇ ಹೆಸರಿನ ಹುದ್ದೆಗೆ ಬರಬಹುದು, ಪದವಿ ಇದ್ದವರು ಕೆಟ್ಟ ಕೆಲಸ ಮಾಡಿದರೆ ಕೇಳುವವರೂ ಇಲ್ಲ.

ಓದಿನ ಸಾಮಗ್ರಿಯ ವಿಷಯದಲ್ಲಿ ಕನ್ನಡಕ್ಕೆ ಹೆಮ್ಮೆ ಪಡಲು ಕಾರಣವಿದೆ, ಆದರೆ ಅದು ದೊಡ್ಡದಲ್ಲ. ಎಚ್. ಎಂ. ಮರುಳಸಿದ್ಧಯ್ಯನವರು ಹಳ್ಳಿಯೊಂದರ ವೃದ್ಧರ ಬದುಕನ್ನು ಕುರಿತು ಮಾಡಿದ ಅಧ್ಯಯನವನ್ನು ಕರ್ನಾಟಕ ವಿಶ್ವವಿದ್ಯಾಲಯ 1969ರಲ್ಲಿ ‘ಓಲ್ಡ್ ಪೀಪಲ್ ಆಫ್ ಮಾಕುಂಟಿ’ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಕೂಡುಕುಟುಂಬವಿರುವ ದೇಶದಲ್ಲಿ ಮುದುಕರಿಗೆ ಚಿಂತೆಯಿಲ್ಲ ಎಂಬ ಪುಸ್ತಕದ ಮಾತನ್ನು ಪಕ್ಕಕ್ಕಿಟ್ಟು ಮನೆಯೊಳಗೆ ಹೊಕ್ಕು ನೋಡಿದ ಬರಹವದು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಕಲಿಸಿದ ಅವರು ಈ ಶಾಸ್ತ್ರವನ್ನು ಕನ್ನಡದಲ್ಲಿ ಬರೆಯಲು ಪಟ್ಟ ಶ್ರಮ ಚಿಕ್ಕದಲ್ಲ. ಇಂದಿಗೂ ಹಳ್ಳಿಗಾಡಿನ ಸ್ನಾತಕೋತ್ತರ ಕೇಂದ್ರಗಳಲ್ಲಿ ವಿದ್ಯಾರ್ಥಿ ಕೇರಿಯವರೊಂದಿಗೆ ಕನ್ನಡದಲ್ಲಿ ಮಾತನಾಡಿ, ರಿಪೋರ್ಟನ್ನು ಹರುಕು ಇಂಗ್ಲಿಷಿನಲ್ಲಿ ಬರೆದು, ವೈವಾದಲ್ಲಿ ಎರಡನ್ನೂ ಬೆರೆಸಿ ಉತ್ತರಿಸುತ್ತಾನೆ. ನೊಂದವರ ಮಾತು ಆ ಹಾದಿಯಲ್ಲಿ ಎರಡು ಬಾರಿ ಸೋಸಿಹೋಗುತ್ತದೆ. ಪ್ರಕ್ರಿಯಾ ದಾಖಲೆಯ ಬೆಲೆಯಿರುವುದು ಆಡಿದ ಮಾತನ್ನು ಆಡಿದಂತೆಯೇ ಹಿಡಿಯುವುದರಲ್ಲಿ. ಅದನ್ನು ಬೇರೆ ಭಾಷೆಯಲ್ಲಿ ಬರೆಯಿರೆಂದು ಒತ್ತಾಯಿಸುವುದು ಶಿಕ್ಷಣದ ದೃಷ್ಟಿಯಿಂದಲೇ ತಪ್ಪು.

ಆದುದರಿಂದ ಕರ್ನಾಟಕದ ವಿಶ್ವವಿದ್ಯಾಲಯಗಳ ಮುಂದೆ ಇಡಬೇಕಾದ ಬೇಡಿಕೆಗಳು ಅನೇಕವಿದ್ದರೂ, ಈ ವೇದಿಕೆಯಿಂದ ಎರಡನ್ನಾದರೂ ಒತ್ತಿ ಹೇಳಬೇಕು. ವೈಯಕ್ತಿಕ ಸಮಾಲೋಚನೆಯ ಗಂಟೆಯನ್ನು ಅಧ್ಯಾಪಕರ ಬೋಧನಾ ಅವಧಿಯೆಂದೇ ಲೆಕ್ಕಕ್ಕೆ ಹಿಡಿದು, ಒಬ್ಬ ಅಧ್ಯಾಪಕರ ಪಾಲಿಗೆ ಹತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಬಾರದಂತೆ ಪ್ರವೇಶ ಸಂಖ್ಯೆಯನ್ನು ನಿಗದಿಪಡಿಸಬೇಕು; ಅಷ್ಟು ಅಧ್ಯಾಪಕರಿಲ್ಲದ ಕಾಲೇಜಿಗೆ ಈ ಪದವಿ ನಡೆಸಲು ಅನುಮತಿಯನ್ನೇ ಕೊಡಬಾರದು. ಕ್ಷೇತ್ರಕಾರ್ಯದ ದಾಖಲೆಯನ್ನು ಕನ್ನಡದಲ್ಲಿ ಬರೆಯುವ ಹಕ್ಕು ಎಲ್ಲ ವಿದ್ಯಾರ್ಥಿಗಳಿಗೂ ಇರಬೇಕು, ಅದರಿಂದ ಅಂಕ ಕಡಿಮೆಯಾಗಬಾರದು. ಎರಡಕ್ಕೂ ಹೊಸ ಕಾಯಿದೆಯಾಗಲಿ ಕೇಂದ್ರದ ಒಪ್ಪಿಗೆಯಾಗಲಿ ಬೇಕಿಲ್ಲ. ಅಧ್ಯಯನ ಮಂಡಳಿಯ ಒಂದು ಸಭೆ ಮತ್ತು ವಿದ್ಯಾವಿಷಯಕ ಪರಿಷತ್ತಿನ ಒಂದು ನಿರ್ಣಯ ಸಾಕು.